ಚಾದರದಿಂದ ಶುರುವಾದ ನೋವು

"ಆವತ್ತು ಬೆಳಿಗ್ಗೆ ಚಾದರ ಹಿಂಡ್ತಿದ್ವಲ್ಲ ದೊಡ್ಡಮ್ಮ, ಆ ಕಡೆ ನೀವು ಹಿಡ್ಕೊಂಡಿದ್ರಿ, ಈ ಕಡೆ ನಾನು. ಮೇಸ್ತ್ರಿ ಏನೋ ಕೂಗಿದ, ನಾನು ತಿರುಗಿದೆ. ಆಗ ಇಲ್ಲಿ, ಎದೆಯಿಂದ ಕಿರುಬೆರಳಿನವರೆಗೆ, ಯಾರೋ ನನ್ನನ್ನೇ ಹಿಂಡಿದ ಹಾಗಾಯ್ತು. ಬೆವರು ಕಿತ್ಕೊಂಡು ಬಂತು. ಇದನ್ನೇ ಡಾಕ್ಟರಿಗೆ ಹೇಳೋಕೆ ಹೊರಟೆ. ಮೇಸ್ತ್ರಿ ಕೂಗಿದ ಅನ್ನೋ ಹೊತ್ತಿಗೆ ಅವರು ನಮ್ಮವರ ಮುಖ ನೋಡಿ, 'ನೀವು ಹೇಳಿ, ಏನಂತೆ?' ಅಂದ್ರು. ಇವರು 'ಗ್ಯಾಸು' ಅಂದ್ರು. ಒಂದೇ ಮಾತು. ಗುಳಿಗೆ ಬರೆದ್ರು, ಮುಗೀತು."

ಹೀಗೆ ಹೇಳಿದವಳು ಲಾಡ್ಜಿನ ಬಟ್ಟೆ ಒಗೆಯುವ ಕೆಲಸದಲ್ಲಿ ನನ್ನ ಜೊತೆಗಾರ್ತಿ. ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಉಪ್ಪು ಮುಗಿದಿದೆ ಎಂದು ಹೇಳಬೇಕಾದರೂ ಅಂಗಡಿಯ ದಾರಿಯಿಂದ ಶುರು ಮಾಡುವವಳು. ಗಂಡ ಬೀಗ ರಿಪೇರಿಯವನು. ಬಾಯಿಗೂ ಒಂದು ಬೀಗ ಹಾಕಿಕೊಂಡಿದ್ದಾರೆ ಎಂದು ಅವಳೇ ನಗುತ್ತಿದ್ದಳು. ಕೆಟ್ಟವನಲ್ಲ, ಹೆದರಿದ್ದ. ಅವಳ ಮಾತನ್ನು ಚಿಕ್ಕದು ಮಾಡಿದರೆ ಕಾಯಿಲೆಯೂ ಚಿಕ್ಕದಾದೀತು ಎಂದುಕೊಂಡಿದ್ದನೇನೋ.

ಗುಳಿಗೆಗೆ ನೋವು ಜಗ್ಗಲಿಲ್ಲ. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಳು. ನಮ್ಮ ಮೇಸ್ತ್ರಿ ಅದೇ ಡಾಕ್ಟರ ಹತ್ತಿರ "ಸೊಂಟ" ಎಂದಷ್ಟೇ ಹೇಳಿ ಎಕ್ಸ್‌ರೇಗೆ ಚೀಟಿ ತಂದಿದ್ದ. ನೀನೂ ಹಾಗೇ ಮಾತಾಡು, ಮೊದಲು ನೋವು, ಕಥೆ ಆಮೇಲೆ ಎಂದೆ. ಚಾದರ ಹಿಂಡುತ್ತಲೇ ಬಾಯಿಪಾಠ ಮಾಡಿಸಿದೆ. ಒಂದೊಂದು ತಿರುವಿಗೆ ಒಂದೊಂದು ಮಾತು: ಎದೆ ನೋವು, ಎಡಗೈ ಸೆಳೆತ, ಬೆವರು. ನಡುವೆ ಅವಳ ಮಾತಿನಲ್ಲಿ ಮೇಸ್ತ್ರಿ ಕೂಗಿದ್ದು ನುಸುಳಿಬಿಡುತ್ತಿತ್ತು. ಇಬ್ಬರೂ ನಕ್ಕು ಮತ್ತೆ ಮೊದಲಿನಿಂದ.

ನಿನ್ನೆ ಗಂಡನ ಜೊತೆ ಹೋಗಿ ಬಂದಳು. ತಪ್ಪಿಲ್ಲದೆ ಒಪ್ಪಿಸಿದಳಂತೆ. ಡಾಕ್ಟರು ಪೆನ್ನು ಕೆಳಗಿಟ್ಟು, ಹೌದೇನ್ರೀ ಎಂದು ಗಂಡನನ್ನೇ ಕೇಳಿದರಂತೆ. ಇವಳು ಇಷ್ಟು ಚುಟುಕಾಗಿ ಮಾತಾಡಿದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

"ಯಾರೋ ಹೇಳಿಕೊಟ್ಟು ಕಳ್ಸಿದ್ದಾರೆ ಸಾರ್. ಇದು ಇವಳ ಮಾತೇ ಅಲ್ಲ."

ಮತ್ತೆ ಅದೇ ಗುಳಿಗೆ.

ಇವತ್ತು ರೇಡಿಯೋ ಬಾಯಿ ಬಿಟ್ಟಿಲ್ಲ. ನಾಳೆ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ನಾನೇ ಮಾತಾಡುತ್ತೇನೆ ಎಂದೆ.

"ನೀವೂ ಹೆಂಗಸೇ ಅಲ್ವಾ, ದೊಡ್ಡಮ್ಮ," ಎಂದಳು. ಅಷ್ಟೇ.

ಚಾದರದ ತುದಿ ಅವಳ ಎಡಗೈಯಿಂದ ಜಾರಿತು. ಅವಳನ್ನು ಕಲ್ಲಿನ ಮೇಲೆ ಕೂರಿಸಿದೆ. ಆ ತುದಿಯನ್ನು ನಲ್ಲಿಯ ಕಂಬಕ್ಕೆ ಸುತ್ತಿ, ಈ ತುದಿ ಹಿಡಿದು ಒಬ್ಬಳೇ ತಿರುವತೊಡಗಿದೆ. ನೀರು ಸುರಿಯಿತು. ಬುಟ್ಟಿಯಲ್ಲಿ ಇನ್ನೂ ರಾಶಿ ಇತ್ತು.