ಬಳೆಗಾರ್ತಿ ದಾವಲ್‌ಬೀಯ ಪಾಲಿಸಿ

ದಾವಲ್‌ಬೀಯಿಂದ ಬಳೆ ಇಡಿಸಿಕೊಳ್ಳುವುದೆಂದರೆ ಪೊಲೀಸರ ಮುಂದೆ ಕೂತ ಹಾಗೆ. ಮೊದಲು ನಿಮ್ಮ ಕೈ ಹಿಡಿದು ಗೆಣ್ಣು ಗೆಣ್ಣು ಒತ್ತಿ ನೋಡುತ್ತಾಳೆ. ಆಮೇಲೆ ಪ್ರಶ್ನೆ ಶುರು. "ಹಳೇ ಪೆಟ್ಟು ಐತೇನು? ಬಾವು ಬಂದಿತ್ತೇನು? ಎಲುಬು ಮುರಿದಿತ್ತೇನು?" ನಮ್ಮ ಕಡೆ ಇಡಿಸುವಾಗ ಒಡೆದ ಬಳೆಯ ನಷ್ಟ ಬಳೆಗಾರ್ತಿಯದು. ಕೈಯಲ್ಲಿ ಕೂತ ಬಳೆಗಷ್ಟೇ ರೊಕ್ಕ. ಹಾಗಾಗಿ ಸಣ್ಣ ಅಳತೆಯ ಬಳೆಯ ಆಸೆಗೆ ಹಳೇ ಉಳುಕನ್ನು ಮುಚ್ಚಿಟ್ಟವರಿಗೆ, ಅವರು ಗೌಡರ ಮನೆಯವರೇ ಆಗಲಿ, ಅವಳಿಂದ ಬೈಗುಳ ತಪ್ಪಿದ್ದಲ್ಲ.

ನನಗೂ ಒಮ್ಮೆ ಬೈದಿದ್ದಳು. "ಮುಚ್ಚಿಟ್ರ ನಂದು ಬಳಿ ಹೋಗ್ತೈತಿ, ನಿಮ್ದು ಕೈ ಹೋಗ್ತೈತಿ, ಶಿವಬಸಮ್ಮಕ್ಕಾರ. ಖರೇ ಹೇಳಾಕ ಏನ್ ಬ್ಯಾನಿ?" ಮಸ್ಕಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ನಮ್ಮ ಕಿರಾಣಿ ಅಂಗಡಿಗೆ ಬರುವ ಏಜೆಂಟರು ನನ್ನ ಗಂಡ ಇರುವ ಹೊತ್ತು ನೋಡಿಕೊಂಡೇ ಬರುತ್ತಾರೆ. ಆದರೂ ಅವತ್ತು ನಾನು ಸುಮ್ಮನೆ ಕೂತೆ, ಯಾಕೆಂದರೆ ಅವಳು ಹೇಳಿದ್ದು ಸರಿ ಇತ್ತು. ಇಂಥ ಹೆಂಗಸು ಒಂದು ಸಲ ತನ್ನದೇ ಕೈ ಮುಚ್ಚಿಟ್ಟಳು. ಹೇಳಬೇಕಾಗಿರುವುದು ಅದನ್ನೇ.

ಅವಳ ಗಂಡ ಉಸ್ಮಾನ್‌ಸಾಬನೂ ಬಳೆ ಮಾರುತ್ತಿದ್ದ. ಅವನು ಬಳೆ ಸರಗಳ ಮಲಾರ ಹೆಗಲಿಗೇರಿಸಿ ಜವಳಗೇರಾ, ತುರ್ವಿಹಾಳ ಸುತ್ತಿದರೆ, ಇವಳು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂರುವಳು. ಹೋದ ವರ್ಷ ಜವಳಗೇರಾದ ಬಸ್‌ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಒಂದು ವಿಮೆ ಇಲ್ಲ, ಒಂದು ಪಾಲಿಸಿ ಇಲ್ಲ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಕೌಸರ್‌ಗೆ ಆಗಷ್ಟೇ ಸಿಂಧನೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಮೂರು ವರ್ಷದ ಓದು.

ನಲವತ್ತನೇ ದಿನದ ಊಟ ಮುಗಿದಿತ್ತೋ ಇಲ್ಲವೋ, ಮೈದುನ ಮಂಜೂರ್ ಗುರುಗುಂಟಾದ ಒಂದು ಗಂಡು ಹಿಡಿದುಕೊಂಡು ಬಂದ. "ಓದು ಗೀದು ಸಾಕು ಭಾಬಿ. ಜಲ್ದಿ ನಿಕಾ ಮಾಡಿ ಕೈ ತೊಳಕೋ. ನಿನಗ ಸಕ್ರಿ ಐತಿ, ಬಿಪಿ ಐತಿ. ನಾಳಿಗಿ ನಿನಗ ಏನರ ಆದ್ರ, ಹುಡುಗಿ ಗತಿ ಏನು?" ಕೌಸರ್ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ದಾವಲ್‌ಬೀ "ಹುಡುಗಿ ಓದ್ತಾಳ" ಎಂದಳೇ ಹೊರತು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಉತ್ತರ ಇದ್ದರೆ ತಾನೇ ಕೊಡುವುದು! ಅವನು ಹಬ್ಬಕ್ಕೊಮ್ಮೆ ಬರುವನು, ಅದನ್ನೇ ಕೇಳುವನು. ಬಂದು ಹೋದ ಮರುದಿನ ಇವಳ ಮುಖ ನೋಡಲಾಗುತ್ತಿರಲಿಲ್ಲ.

ಕಡೆಗೆ ಒಂದು ದಿನ ಕಟ್ಟೆಯ ಮೇಲೆ ಬಳೆ ಜೋಡಿಸುತ್ತಾ, "ಅಕ್ಕಾರ, ನಾನು ಪಾಲಿಸಿ ಮಾಡಿಸ್ತೀನಿ" ಎಂದಳು. ಬ್ಯಾಂಕಿಗೆ ಹೋಗಿ ಬಂದಿದ್ದಳಂತೆ. ವರ್ಷಕ್ಕೊಮ್ಮೆ ಕಟ್ಟುವ ಕಡಿಮೆ ದರದ ವಿಮೆಗೆ ಐವತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ, ಇವಳಿಗೆ ಐವತ್ತೈದು. ಅಪಘಾತದ ವಿಮೆ ಮಾಡಿಸಿಕೊಂಡು ಬಂದಿದ್ದಳು. "ಬಸ್ಸಿನ ಕೆಳಗ ಬಿದ್ದು ಸತ್ರ ರೊಕ್ಕ ಐತಿ. ಸಕ್ರಿಯಿಂದ ಸತ್ರ ಇಲ್ಲ. ನನಗ ಎರಡೂ ಬೇಕು." ಅಯ್ಯ, ಸಾಯುವ ಮಾತನ್ನು ಹೀಗೆ ತರಕಾರಿ ಲೆಕ್ಕದಲ್ಲಿ ಆಡುತ್ತಾಳಲ್ಲ ಎಂದು ನನಗೆ ಸಿಟ್ಟೇ ಬಂತು. ಆದರೂ ನನ್ನ ಮೈದುನನ ಮಗ ಸಂಗನಬಸವನ ನಂಬರು ಕೊಟ್ಟೆ. ಸಿಂಧನೂರಿನಲ್ಲಿ ಅವನದು ವಿಮಾ ಏಜೆಂಟಿಕೆ.

ಅವನು ಅವಳಿಗೆ ಏನು ಹೇಳಿಕೊಟ್ಟ ಎನ್ನುವುದು ನನಗೆ ಗೊತ್ತಾಗಿದ್ದು ನನ್ನ ಮಗಳು ಐಶ್ವರ್ಯಾಳ ಕುಬಸದ ದಿನ.

ಚೊಚ್ಚಲ ಬಸುರಿಯ ಕುಬಸ. ಮನೆ ತುಂಬ ಹೆಂಗಸರು. ಮಗಳನ್ನು ಚಾಪೆಯ ಮೇಲೆ ಕೂರಿಸಿ ಎಲ್ಲರಿಗಿಂತ ಮೊದಲು ಅವಳ ಎರಡೂ ಕೈಗೆ ಹಸಿರು ಗಾಜಿನ ಬಳೆ ಇಡಿಸಬೇಕು. ದಾವಲ್‌ಬೀ ಮುಂದೆ ಕೂತಿದ್ದಳು, ರಜೆಗೆ ಬಂದಿದ್ದ ಕೌಸರ್ ಪಕ್ಕದಲ್ಲಿ ಬಳೆ ಎತ್ತಿ ಕೊಡುತ್ತಿದ್ದಳು. ಬಲಗೈ ಮುಗಿಯಿತು. ಎಡಗೈಗೆ ಬರುವಷ್ಟರಲ್ಲಿ ದಾವಲ್‌ಬೀಯ ಹಣೆಯಿಂದ ಬೆವರು ಇಳಿಯತೊಡಗಿತು. ಬೆರಳು ನಡುಗಿದವು. ಚಟಕ್ಕನೆ ಬಳೆ ಒಡೆದು ಮಗಳ ಕೈಯಲ್ಲಿ ರಕ್ತ ಕಾಣಿಸಿತು.

"ಅಯ್ಯೋ ಶಿವನೇ!" ಎಂದರು ಯಾರೋ. ಬಸುರಿಯ ಕೈಯಲ್ಲಿ, ಅದೂ ಕುಬಸದ ದಿನ ಬಳೆ ಒಡೆಯುವುದೆಂದರೆ! ಬಾಯಿಗೆ ಬಂದಿದ್ದನ್ನು ಬೈಯುವವಳೇ ಇದ್ದೆ. ಅಷ್ಟರಲ್ಲಿ ದಾವಲ್‌ಬೀ ಪಕ್ಕಕ್ಕೆ ವಾಲಿ ಬಿದ್ದಳು.

"ಅಮ್ಮೀ!" ಎಂದು ಕೌಸರ್ ಅವಳ ತಲೆ ತೊಡೆಯ ಮೇಲೆ ಎತ್ತಿಕೊಂಡಳು. "ಸಕ್ರಿ ಇಳದೈತಿ. ಸಕ್ರಿ ನೀರು ತರ್ರಿ, ಜಲ್ದಿ!" ನಾನು ಒಳಗೆ ಓಡಿದೆ. ಮುಚ್ಚಿದ್ದ ಕಣ್ಣು ತೆರೆದು ದಾವಲ್‌ಬೀ ಗುಟುಕು ಗುಟುಕಾಗಿ ನೀರು ಕುಡಿದಳು. ಎದ್ದು ಕೂತಳು. ಮಾಡಿದ ಮೊದಲ ಕೆಲಸ ಅಂದರೆ ಐಶ್ವರ್ಯಾಳ ಕೈ ಹಿಡಿದು ಅತ್ತಿದ್ದು.

"ಏನ್ ತಿಂದಿ ಮುಂಜಾನಿ?" ಕೌಸರ್ ಕೇಳಿದಳು.

"ಏನಿಲ್ಲ. ಎರಡು ಗುಳಿಗಿ ತಗೊಂಡೆ."

"ಎರಡು? ದಿನಾ ಒಂದಲ್ಲ?"

"ನಾಳೆ ಪಾಲಿಸಿಯವ್ರ ರಕ್ತ ತಪಾಸಣಿ ಐತಿ. ಸಂಗನಬಸವ ಹೇಳ್ಯಾನ, ನಾಕು ದಿನ ಊಟ ಕಮ್ಮಿ ಮಾಡಿ ಗುಳಿಗಿ ಡಬಲ್ ತಗೊಂಡ್ರ ಸಾಫ್ ಬರ್ತೈತಂತ. ಸಕ್ರಿ ಐತಿ ಅಂತ ಬರಸಬ್ಯಾಡ ಅಂದಾನ."

ಸಂಗನಬಸವ ಆಗ ಪಡಸಾಲೆಯಲ್ಲೇ ಹೋಳಿಗೆ ಬಡಿಸುತ್ತಿದ್ದ. ಹೋಗಿ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬಂದೆ. "ಲೇ ಸಂಗ್ಯಾ, ಪಾಲಿಸಿ ಮಾಡಸಾಕ ಹೊಂಟಿಯೋ, ಕೊಲ್ಲಾಕ ಹೊಂಟಿಯೋ?"

"ಎಲ್ಲಾರೂ ಹಂಗ ಮಾಡ್ತಾರ ದೊಡ್ಡವ್ವಾ..." ಎಂದು ರಾಗ ಎಳೆದ.

ಕೌಸರ್ ಎದ್ದು ನಿಂತಳು. "ಮೂರು ತಿಂಗಳ ಸಕ್ರಿ ತೋರಿಸೋ ಟೆಸ್ಟ್ ಮಾಡಿದ್ರ ನಾಕು ದಿನದ ಆಟ ಏನ್ ನಡೀತೈತಿ? ಆತು, ಟೆಸ್ಟ್ ಪಾಸ್ ಆತು ಅಂತ ಇಟ್ಕೋರಿ. ಮುಂದಿನ ವರ್ಷ ಅಮ್ಮೀಗೆ ಏನರ ಆದ್ರ ಕಂಪನಿಯವ್ರು ಕೇಳೋದಿಲ್ಲೇನು?"

ಸಂಗ ತಲೆ ತಗ್ಗಿಸಿದ. "ಕೇಳ್ತಾರ. ಮೊದಲ ಮೂರು ವರ್ಷದಾಗ ಹೋದ್ರ ದವಾಖಾನಿ ಕಾಗದ ತಗದು ನೋಡ್ತಾರ. ಮುಚ್ಚಿಟ್ಟಿದ್ದು ಗೊತ್ತಾದ್ರ ರೊಕ್ಕ ಕೊಡಂಗಿಲ್ಲ ಅನಬಹುದು."

ಮೂರು ವರ್ಷ! ಆ ಹುಡುಗಿಯ ಓದೂ ಅಷ್ಟೇ ಅಲ್ಲವೇ? ಯಾವ ವರ್ಷಗಳಿಗಾಗಿ ಇವಳು ಉಪವಾಸ ಬಿದ್ದು ಗುಳಿಗೆ ನುಂಗಿದಳೋ ಅದೇ ವರ್ಷಗಳಲ್ಲಿ ಈ ಪಾಲಿಸಿ ಕೈಗೆ ಹತ್ತುತ್ತಿರಲಿಲ್ಲ. ದಾವಲ್‌ಬೀಗೂ ಅದು ಹೊಳೆಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಊರಿಗೆಲ್ಲಾ ಕೈ ಮುಚ್ಚಿಡಬ್ಯಾಡ್ರಿ ಅಂತ ಬೈತೀನಿ. ನನ್ನ ಕೈ ನಾನ ಮುಚ್ಚಿಟ್ಟೆ, ನಿಮ್ಮ ಮಗಳಿಗಿ ಗಾಯ ಆತು. ಸಂಗನಬಸವ, ಬರಕೋ. ಸಕ್ರಿ ಐತಿ, ಏಳು ವರ್ಷ ಆತು. ಬಿಪಿ ಐತಿ. ಎಲ್ಲಾ ಬರಕೋ."

"ಬರದ್ರ ಯಾರೂ ಕೊಡಂಗಿಲ್ರಿ, ಅಮ್ಮಾರ."

"ಕೊಡೋರು ಸಿಗೋತನಕ ಹುಡುಕು. ನಾನೂ ಹುಡುಕ್ತೀನಿ."

ಆಮೇಲೆ ಐಶ್ವರ್ಯಾಳ ಎಡಗೈ ಕೇಳಿದಳು. ಹೆಂಗಸರು ಗುಸುಗುಸು ಅಂದರು, ಬೇರೆಯವರನ್ನು ಕರೆಸಿ ಎಂದರು. ನಾನು ಹೇಳುವ ಮೊದಲೇ ನನ್ನ ಮಗಳು ಕೈ ಮುಂದೆ ಮಾಡಿದಳು. ಉಳಿದ ಬಳೆಗಳೆಲ್ಲ ಒಂದೂ ಒಡೆಯದೆ ಕೂತವು. ಒಡೆದ ಬಳೆಗೂ ರೊಕ್ಕ ಕೊಡಲು ಹೋದರೆ ನನ್ನ ಕೈ ತಳ್ಳಿಬಿಟ್ಟಳು.

ಹುಡುಕಾಟ ಶುರುವಾಯಿತು. ಒಂದು ಕಂಪನಿ ಸಕ್ಕರೆ ಎಂದ ಕೂಡಲೇ ಬೇಡ ಎಂದಿತು. ಇನ್ನೊಂದು ಕೇಳಿದ ಕಂತು ಕಟ್ಟಬೇಕಾದರೆ ಬಳೆಯ ಜೊತೆ ಮನೆಯನ್ನೂ ಮಾರಬೇಕಿತ್ತು. ಸಂಗ ಮೂರನೆಯದನ್ನು ತಂದಾಗ ಭಾರಿ ಹುರುಪಿನಲ್ಲಿದ್ದ. ರಕ್ತ ತಪಾಸಣೆಯೇ ಇಲ್ಲ, ಯಾರು ಬೇಕಾದರೂ ಸೇರಬಹುದು, ಕಂತೂ ಕಡಿಮೆ. ದಾವಲ್‌ಬೀ ಪ್ರತಿಯೊಂದಕ್ಕೂ ಕೇಳುವ ಪ್ರಶ್ನೆಯನ್ನೇ ಅದಕ್ಕೂ ಕೇಳಿದಳು.

"ಈ ವರ್ಷ ನಾ ಹೋದ್ರ, ಕೌಸರ್‌ಗ ಏನ್ ಸಿಗ್ತೈತಿ?"

"ಎರಡು ವರ್ಷದೊಳಗ ಜಡ್ಡಿನಿಂದ ಹೋದ್ರ ಕಟ್ಟಿದ್ದಷ್ಟ ವಾಪಸ್. ಆಮ್ಯಾಲ ಪೂರಾ."

"ಹಂಗಾರ ಅದು ನನಗಲ್ಲ. ಬ್ಯಾರೆದು ನೋಡು."

ಸಂಗನಿಗೆ ರೇಗಿ ಹೋಯಿತು. ನನಗೆ ಒಳಗೊಳಗೇ ಖುಷಿ. ಈ ನಡುವೆ ಅವಳು ಲಿಂಗಸುಗೂರಿನ ಡಾಕ್ಟರ ಹತ್ತಿರ ತಪ್ಪದೆ ಹೋದಳು. ಗುಳಿಗೆ ಎಷ್ಟು ಹೇಳಿದ್ದಾರೋ ಅಷ್ಟೇ, ಹೊತ್ತಿಗೆ ಸರಿಯಾಗಿ. ಸಕ್ಕರೆ ಹಾಕಿದ ಚಹಾ ಬಿಟ್ಟಳು. ನಮ್ಮ ಅಂಗಡಿಯಲ್ಲಿನ, ಬಿಪಿಗೆ ಆಗದ ಕರಿದ ಖಾರದಾಣಿಯ ಕಡೆ ಕಣ್ಣು ಹಾಯಿಸಿದರೆ ನಾನೇ ಡಬ್ಬಿ ಒಳಗಿಡುತ್ತಿದ್ದೆ. "ಏನ್ ಕಾವಲುಗಾರ್ತಿ ನೀವು" ಎಂದು ನಗುತ್ತಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಕಂಪನಿ ಒಪ್ಪಿತು. ಲಿಂಗಸುಗೂರಿನ ಡಾಕ್ಟರ ಕಾಗದ ನೋಡಿದರು, ತಾವೂ ತಪಾಸಣೆ ಮಾಡಿದರು. ಸಕ್ಕರೆ ಹತೋಟಿಯಲ್ಲಿದೆ ಎಂದರು. ಕಂತು ಮಾಮೂಲಿಗಿಂತ ಹೆಚ್ಚು. ಅವಳು ಕೇಳಿದ ಮೊತ್ತದಲ್ಲಿ ಅರ್ಧ ಮಾತ್ರ. ಆದರೆ ಮೊದಲ ಕಂತು ಕಟ್ಟಿ ಪಾಲಿಸಿ ಶುರುವಾದ ದಿನದಿಂದಲೇ ಪೂರಾ.

ಹೆಚ್ಚಿನ ಕಂತಿನ ಬಗ್ಗೆ ನಾನೇ ಗೊಣಗಿದೆ. ಅವಳು ಗೊಣಗಲಿಲ್ಲ. "ಗಡಸು ಕೈಗೆ ಬಳಿ ಇಡೋದು ಎಷ್ಟು ತ್ರಾಸು ಅಂತ ನನಗ ಗೊತ್ತೈತಿ, ಅಕ್ಕಾರ. ಅರ್ಧ ಸಿಕ್ರೂ ಅವಳ ಫೀಜು, ಹಾಸ್ಟೆಲ್ಲು ಮುಗೀತೈತಿ. ಅಷ್ಟ ಬೇಕಾಗಿದ್ದು ನನಗ."

ಪಾಲಿಸಿಯಲ್ಲಿ ವಾರಸುದಾರರ ಹೆಸರು ಬರೆಯುವಾಗ ಸಂಗ ಮೆಲ್ಲಗೆ, "ಮನೀ ಗಂಡಸ್ರು ಯಾರರ ಇದ್ರ ಚೊಲೋ. ಮಂಜೂರ್ ಚಾಚಾ..." ಎಂದ.

"ಕೌಸರ್" ಎಂದಳು ದಾವಲ್‌ಬೀ. "ಹದಿನೆಂಟು ದಾಟೈತಿ ಅವಳಿಗೆ."

ಈ ಬಕ್ರೀದಿಗೆ ಮಂಜೂರ್ ಮತ್ತೆ ಬಂದ. ನಮ್ಮ ಕಟ್ಟೆಯ ಮುಂದೆಯೇ ಬೈಕು ನಿಲ್ಲಿಸಿದ. ಐಶ್ವರ್ಯಾ ಕೂಸನ್ನು ನನ್ನ ತೊಡೆಗೆ ಹಾಕಿ ಬಳೆ ಇಡಿಸಿಕೊಳ್ಳುತ್ತಿದ್ದಳು. ಗುರುಗುಂಟಾದ ಗಂಡು ಇನ್ನೂ ಖಾಲಿ ಇದ್ದಾನಂತೆ, ಅವರ ಮನೆಯವರು ಎಷ್ಟು ದಿನ ಕಾಯುತ್ತಾರಂತೆ. ದಾವಲ್‌ಬೀ ತಲೆ ಎತ್ತಲಿಲ್ಲ. ಅವನು ದನಿ ಏರಿಸಿದ. "ಭಾಬಿ, ನಿನಗ ಕೇಳಾಕತ್ತೀನಿ. ನಾಳಿಗಿ ನಿನಗ ಏನರ ಆದ್ರ?"

ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಆ ಉತ್ತರ ನನ್ನದಾಗಿರಲಿಲ್ಲ.

ದಾವಲ್‌ಬೀ ಕೈಯಲ್ಲಿದ್ದ ಬಳೆಯನ್ನು ಗೆಣ್ಣು ದಾಟಿಸಿ ಕೂರಿಸಿದಳು. ಆಮೇಲೆ ಅವನ ಮುಖ ನೋಡಿದಳು.

"ಆದ್ರ, ಕೌಸರ್ ಓದ್ತಾಳ" ಎಂದಳು. ಐಶ್ವರ್ಯಾಳ ಕಡೆ ತಿರುಗಿ, "ಇನ್ನೊಂದು ಕೈ ಕೊಡವ್ವ" ಎಂದಳು.