ಬಲಗಡೆಗೆ ಬಿದ್ದ ಹೂವು

ನಾನು ದಿನಾ ಬೆಳಿಗ್ಗೆ ಕೂತು ಪತ್ರಿಕೆ ಓದುವ ಕುರ್ಚಿಯ ನೆತ್ತಿಗೆ ಸರಿಯಾಗಿ ನನ್ನ ಹೆಂಡತಿ ಜಯಮ್ಮ ತನ್ನೂರಿನ ದೇವತೆ ಅಮ್ಮನವರ ಪಟವೊಂದನ್ನು ತೂಗುಹಾಕಿದ್ದಾಳೆ. ಸ್ನಾನ ಮುಗಿಸಿ ಬಂದವಳು ಅದರ ಎರಡೂ ಬದಿಗೆ ಒಂದೊಂದು ಒದ್ದೆ ಸೇವಂತಿಗೆ ಅಂಟಿಸಿ ಹೋಗುತ್ತಾಳೆ. ನಾನು ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಅವುಗಳಲ್ಲೊಂದು ನನ್ನ ಪತ್ರಿಕೆಯ ಮೇಲೋ, ಗ್ರಹಚಾರವಿದ್ದ ದಿನ ಕಾಫಿ ಲೋಟದೊಳಕ್ಕೋ ಬೀಳುತ್ತದೆ. ಒಡನೆಯೇ ಅಡುಗೆಮನೆಯಿಂದ, ಯಾವ ಕಡೆಯದು ಬಿತ್ತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯಲ್ಲಿ ಒಂದು ನಗು ಅಡಗಿದೆ, ಆ ನಗುವಿನ ಹಿಂದೆ ನಾನು ಸೋತ ಕತೆಯಿದೆ. ಸೋತವನೇ ಹೇಳಿದರೆ ಚೆನ್ನ ಎಂದು ನಿಮಗೆ ಹೇಳುತ್ತಿದ್ದೇನೆ.

ಅರವತ್ತರ ದಶಕದ ಕೊನೆಯ ವರ್ಷಗಳು. ಕುಂದಾಣದ ಬಳಿಯ ಹಳ್ಳಿಯೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಹೋದಾಗ, ಜಗತ್ತಿನ ಮೂಢನಂಬಿಕೆಯನ್ನೆಲ್ಲ ಎರಡು ಬೇಸಿಗೆ ರಜೆಯೊಳಗೆ ಗುಡಿಸಿಹಾಕಬಲ್ಲೆ ಎಂಬ ಹುಮ್ಮಸ್ಸು ನನಗಿತ್ತು. ನನ್ನ ಬಾಡಿಗೆ ಕೋಣೆಯ ಎದುರಿಗೇ, ಅಂಗಳದಲ್ಲಿ ಚಕ್ಕೋತದ ಮರವಿದ್ದ ಮನೆ ಪಿಳ್ಳಪ್ಪನವರದು. ನಾಲ್ಕೆಕರೆ ರಾಗಿ ಹೊಲದ ರೈತರು; ಯಾವ ಕೆಲಸಕ್ಕೂ ಊರ ಮುಂದಿನ ಅಮ್ಮನ ಗುಡಿಯಲ್ಲಿ ಹೂ ಕೇಳದೆ ಕೈಹಾಕದವರು. ಹೂ ಕೇಳುವುದೆಂದರೆ, ಪೂಜಾರಪ್ಪ ಎರಡು ಹೂಗಳನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೆ ಅಂಟಿಸುತ್ತಾನೆ, ಕೇಳುವವರು ಕೈಮುಗಿದು ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎತ್ತು ಕೊಳ್ಳುವುದಕ್ಕೂ ಹೂವು, ಸರ್ಕಾರ ಹೊಸದಾಗಿ ಕೊಟ್ಟ ಹೈಬ್ರಿಡ್ ಬೀಜ ಬಿತ್ತುವುದಕ್ಕೂ ಹೂವು.

ಅವರ ಜಗಲಿಯೇ ನಮ್ಮ ವಾದದ ಅಖಾಡ. ಆ ವಾದಕ್ಕೆ ಕಟ್ಟುಪಾಡುಗಳಿದ್ದವು, ಎಲ್ಲವೂ ಪಿಳ್ಳಪ್ಪನವರೇ ಮಾಡಿದ್ದು. ಹಸಿದವನ ಜೊತೆ ದೇವರ ಮಾತು ಆಡಬಾರದು, ಆದ್ದರಿಂದ ಮೊದಲು ಮುದ್ದೆ, ಹುರುಳಿ ಸಾರು. ಯಾರ ದನಿ ಏರಿದರೂ ಮಾತು ಅಲ್ಲಿಗೆ ನಿಲ್ಲಿಸಿ ಹಸುವಿನ ವಿಚಾರಕ್ಕೆ ಬರಬೇಕು. ನಾನು ಅವರ ನಂಬಿಕೆಯನ್ನು ಕೆದಕಿದಷ್ಟೂ ಸಲ ಅವರಿಗೂ ನನ್ನದನ್ನು ಕೆದಕುವ ಹಕ್ಕಿತ್ತು. ನನಗೇನಪ್ಪ ನಂಬಿಕೆ ಎಂದುಕೊಂಡಿದ್ದೆ. ಒಂದು ದಿನ ಸಂಜೆ ಅವರು ಒಣಗಿದ ಅಂಗಳ ತೋರಿಸಿ, "ನಿಮ್ ರೇಡಿಯೊ ಇವತ್ತು ಮಳೆ ಅಂದಿತ್ತು ಮೇಷ್ಟ್ರೇ, ನಿಮ್ ಹೂವು ಎಡಗಡೆ ಬಿತ್ತು ನೋಡಿ" ಎಂದರು. ನಾನು ನಕ್ಕುಬಿಟ್ಟೆ, ಅವರೂ ನಕ್ಕರು.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ವಯಸ್ಸು ನೋಡಿ, ಬರಿಯ ಮಾತಿನಲ್ಲಿ ಗೆದ್ದರೆ ಸಾಲದು, ಕಣ್ಣಾರೆ ತೋರಿಸಬೇಕು ಎನ್ನಿಸಿತು. ಒಂದು ಭಾನುವಾರ ಅವರ ನೆಂಟರಿಷ್ಟರು ಸೇರಿದ್ದಾಗ ಒರಳಿನ ಗುಂಡುಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಎರಡು ಬದಿಗೂ ಒದ್ದೆ ಸೇವಂತಿಗೆ ಅಂಟಿಸಿದೆ. ಹೂವನ್ನು ಹಿಡಿದಿರುವುದು ನೀರಿನ ಪಸೆ, ಯಾವುದರ ಪಸೆ ಮೊದಲು ಆರುತ್ತದೋ ಅದು ಮೊದಲು ಬೀಳುತ್ತದೆ ಎಂದು ಪಾಠ ಮಾಡಿದೆ. ಒಂದು ಸಲ ಬಿದ್ದರೆ ರುಜುವಾತಾಗುವುದಿಲ್ಲ ಎಂದು ಹತ್ತು ಸಲ ಮಾಡಿ ತೋರಿಸಿದೆ. ಆರು ಸಲ ಬಲ, ನಾಲ್ಕು ಸಲ ಎಡ. ನೆಂಟರು ಬಿದ್ದು ಬಿದ್ದು ನಕ್ಕರು, ನಗುವಿನ ನಡುವೆ ಯಾರೋ ಪಿಳ್ಳಪ್ಪನವರನ್ನು, ಇನ್ನು ಮೇಲೆ ಗುಂಡುಕಲ್ಲಿಗೇ ಹರಕೆ ಕಟ್ಟಿಕೊ ಎಂದು ಛೇಡಿಸಿದರು. ಅವರು ತಲೆ ತಗ್ಗಿಸಿ ಕೂತಿದ್ದನ್ನು ಕಂಡಾಗ ನನ್ನ ಗೆಲುವು ಬಾಯಲ್ಲಿ ಕಹಿಯಾಯಿತು.

ಎಲ್ಲರೂ ಹೋದ ಮೇಲೆ ಕ್ಷಮಿಸಿ ಎನ್ನಲು ಹೋದೆ. ಅವರು ಗುಂಡುಕಲ್ಲನ್ನು ಒರೆಸಿ ಒರಳಿನ ಪಕ್ಕಕ್ಕಿಡುತ್ತಾ, ಕೋಪವಿಲ್ಲದೆ ಅಂದರು: "ನೀವು ಹೂವೇನೋ ಚೆನ್ನಾಗಿ ಅಂಟಿಸಿದ್ರಿ ಮೇಷ್ಟ್ರೇ. ಆದ್ರೆ ಏನೂ ಕೇಳ್ಲೇ ಇಲ್ವಲ್ಲ. ನಿಮಗೆ ಬೇಕಾದ್ದೊಂದನ್ನ ಕೇಳ್ಕೊಂಡು ನಿಂತು ನೋಡಿ, ಆಮೇಲೆ ಮಾತಾಡಣ." ಕೋಣೆಗೆ ವಾಪಸಾದೆ. ಆ ಮಾತಿಗೆ ರಾತ್ರಿಯೆಲ್ಲ ಉರಿದುಕೊಂಡೆ; ನಂಬಿಕೆಯನ್ನು ಪರೀಕ್ಷೆ ಮಾಡಹೊರಟವನು ನಂಬುವ ಮನುಷ್ಯನ ಮುಖವನ್ನೇ ನೋಡಿರಲಿಲ್ಲವಲ್ಲ ಎಂಬುದು ಬೆಳಗಿನ ಹೊತ್ತಿಗೆ ತಿಳಿಯಿತು.

ಈಗ ನಿಮಗೆ ಒಂದು ಗುಟ್ಟು ಹೇಳಬೇಕು. ಆ ದಿನ ಬಾಗಿಲ ಹಿಂದೆ ನಿಂತು ನಕ್ಕವರಲ್ಲಿ ಪಿಳ್ಳಪ್ಪನವರ ಮಗಳು ಜಯಮ್ಮನೂ ಇದ್ದಳು. ಅವಳು ನಕ್ಕದ್ದು ಅಪ್ಪನನ್ನು ನೋಡಿ ಅಲ್ಲ, ಹಿಟ್ಟು ಮೆತ್ತಿದ ಮೇಷ್ಟ್ರ ಪಂಚೆಯನ್ನು ನೋಡಿ ಎಂದು ಮದುವೆಯಾದ ಮೇಲೆ ತಿಳಿಯಿತು. ಆ ನಗು ನನ್ನನ್ನು ಬಿಡಲಿಲ್ಲ. ಮರುವರ್ಷ ಹೊಸಕೋಟೆಯ ಕಡೆಯ ನಮ್ಮೂರಿನಿಂದ ಅಪ್ಪ ಬಂದು ಹೆಣ್ಣು ಕೇಳಿದರು. ನೆಂಟಸ್ತಿಕೆ ಹೊಂದಿತು, ಎರಡೂ ಮನೆಯವರು ಒಪ್ಪಿದರು, ಜಯಮ್ಮನೂ ಹೂಂ ಅಂದಳು. ಉಳಿದದ್ದು ಅಮ್ಮನ ಹೂವು. ಎಡಕ್ಕೆ ಬಿದ್ದರೆ ಪಿಳ್ಳಪ್ಪನವರು ಹೆಣ್ಣು ಕೊಡುವುದಿಲ್ಲ, ಕೊಡಲಾರರು. ಅದು ಅವರ ಹಟವಲ್ಲ, ಬದುಕಿನ ರೀತಿ. ಹೂ ಕೇಳಬೇಡಿ ಎನ್ನುವ ಬಾಯಿ ನನಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗುಡಿಯಲ್ಲಿ ನಿಂತೆವು. ಪೂಜಾರಪ್ಪ ಹೂವು ಅಂಟಿಸಿದ. ಬಲಗಡೆಯದು ಗಟ್ಟಿಯಾಗಿ ಕೂತಿದೆ, ಎಡಗಡೆಯದರ ಎಸಳು ಆಗಲೇ ಬಾಗುತ್ತಿದೆ ಎಂದು ನನ್ನ ವಿಜ್ಞಾನದ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಪಸೆ, ತೂಕ, ಗಾಳಿ ಎಲ್ಲವೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಒಂದಿಷ್ಟೂ ಉಪಯೋಗಕ್ಕೆ ಬರಲಿಲ್ಲ. ಕೈ ಯಾವಾಗ ಮುಗಿದೆನೋ ನೆನಪಿಲ್ಲ. ಬೀಳು ತಾಯಿ, ಬಲಗಡೆ ಬೀಳು ಎಂದು ತುಟಿ ತಾನಾಗಿ ಆಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಬಲಗಡೆಯ ಹೂವು ಮೆಲ್ಲಗೆ ಜಾರಿ ಅಮ್ಮನ ಪಾದದ ಮೇಲೆ ಬಿತ್ತು.

ಪಿಳ್ಳಪ್ಪನವರು ಹೂವನ್ನು ಕಣ್ಣಿಗೊತ್ತಿಕೊಂಡು ನನ್ನ ಕಡೆ ತಿರುಗಿದರು. ಮುಖ ಗಂಭೀರವಾಗಿತ್ತು, ಮೀಸೆ ಮಾತ್ರ ಕುಣಿಯುತ್ತಿತ್ತು. "ಮೇಷ್ಟ್ರೇ, ಬಲಗಡೆ ಹೂವಿಗೆ ಪೂಜಾರಪ್ಪ ನೀರು ಕಮ್ಮಿ ಹಚ್ಚಿದ್ದ ಅಂತ ಕಾಣ್ತದೆ. ಒಂದು ಸಲ ಬಿದ್ರೆ ರುಜುವಾತಾಗಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಇನ್ನೂ ಒಂಬತ್ತು ಸಲ ಕೇಳಿಸ್ಲಾ?"

"ಬೇಡ ಮಾವ" ಎಂದೆ. ಅವರನ್ನು ನಾನು ಮಾವ ಎಂದು ಕರೆದದ್ದು ಅದೇ ಮೊದಲು.

ಇದಾಗಿ ಎಂಟು ವರ್ಷ. ನಾನು ನಂಬಿದವನಾಗಲಿಲ್ಲ, ಹೂವು ಬೀಳುವುದು ಪಸೆ ಆರುವುದರಿಂದಲೇ ಎಂದು ಇಂದಿಗೂ ತರಗತಿಯಲ್ಲಿ ಹೇಳುತ್ತೇನೆ. ಮಾವನವರೂ ಹೂ ಕೇಳುವುದನ್ನು ಬಿಟ್ಟಿಲ್ಲ. ವರ್ಗವಾಗಿ ನಾವು ಪಟ್ಟಣಕ್ಕೆ ಬಂದ ಮೇಲೆ, ತಿಂಗಳಿಗೊಂದು ಭಾನುವಾರ ಚಕ್ಕೋತದ ಚೀಲ ಹೊತ್ತು ದೇವನಹಳ್ಳಿಯ ಬಸ್ಸಿಳಿದು ಬರುತ್ತಾರೆ. ಮುದ್ದೆ ಉಂಡು ವಾದ ಹೂಡುತ್ತೇವೆ, ದನಿ ಏರಿದರೆ ಹಸುವಿಗೆ ಬರುತ್ತೇವೆ. ಆದರೆ ಈಗ ಅವರ ನಂಬಿಕೆಯನ್ನು ಪ್ರಶ್ನಿಸುವಾಗಲೆಲ್ಲ, ಆ ಗುಡಿಯಲ್ಲಿ ಕೈಮುಗಿದು ನಿಂತಿದ್ದ ಒಬ್ಬ ಹುಡುಗ ಮೇಷ್ಟ್ರನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರಶ್ನಿಸುತ್ತೇನೆ. ಪ್ರಶ್ನೆ ಮೊಂಡಾಗಿಲ್ಲ, ಮೆತ್ತಗಾಗಿದೆ.

ಹೋದ ತಿಂಗಳು ಮೊಣಕಾಲು ನೋವೆಂದು ಮಾವ ಬರಲಿಲ್ಲ. ಇಂದು ಬೆಳಿಗ್ಗೆ ಹೂವು ಪತ್ರಿಕೆಯ ಮೇಲೆ ಬಿದ್ದಾಗ ನಾನು ಸುಮ್ಮನೆ ಬದಿಗಿಡಲಿಲ್ಲ. ಎರಡನ್ನೂ ತೆಗೆದು ಮತ್ತೆ ನೀರಿಗದ್ದಿ, ಈ ಭಾನುವಾರ ಮಾವ ವಾದಕ್ಕೆ ಬರುತ್ತಾರೆಯೇ ಎಂದು ಮನಸ್ಸಿನಲ್ಲೇ ಕೇಳಿಕೊಂಡು ಪಟಕ್ಕೆ ಅಂಟಿಸಿದೆ. ಬಲಗಡೆಯ ಹೂವಿಗೆ ಮಾತ್ರ ನೀರು ಒಂದಿಷ್ಟು ಕಮ್ಮಿ ಹಚ್ಚಿದೆ.