ಹಾಜರಾಳ ಹಸಿರು ನೀರು

ಭದ್ರಾವತಿಯ ಹೊರಗೆ, ನಾಲೆಯ ಏರಿಗೆ ಒತ್ತಿಕೊಂಡಂತೆ ಒಂದು ಹಳೆಯ ಇಟ್ಟಿಗೆ ಗುಂಡಿ ಇದೆ. ಇಟ್ಟಿಗೆ ಸುಡುವವರು ಮಣ್ಣೆಲ್ಲ ತೆಗೆದು ಬಿಟ್ಟುಹೋದ ಮೇಲೆ ಅಲ್ಲಿ ಮಳೆನೀರು ನಿಂತಿತ್ತು. ಅದನ್ನು ಗುತ್ತಿಗೆಗೆ ಹಿಡಿದು ಮೀನು ಸಾಕುತ್ತೇನೆ ಎಂದು ಹಾಜರಾ ಹೇಳಿದಾಗ ಗಂಡನ ಕಡೆಯವರೆಲ್ಲ ನಕ್ಕಿದ್ದರು. ಹೊಲಿಗೆ ಮಿಷನ್ ತುಳಿಯುವ ಹೆಂಗಸಿಗೆ ಮೀನಿನ ಗೊಡವೆ ಯಾಕಂತೆ ಎಂದು. ಹಾಜರಾ ಸಿಟ್ಟು ಮಾಡಿಕೊಳ್ಳಲಿಲ್ಲ. ಕುಂಸಿಯ ಹತ್ತಿರ ಗದ್ದೆಗಳ ನಡುವೆ ಹುಟ್ಟಿದವಳು ಅವಳು. ಮಳೆಗಾಲದಲ್ಲಿ ಅಣ್ಣಂದಿರ ಜೊತೆ ಗದ್ದೆಯ ಕೋಡಿಗೆ ಬಿದಿರಿನ ಕೂಣಿ ಇಟ್ಟು ಮೀನು ಹಿಡಿದ ಕೈ ಅವಳದು. ಮೀನುಗಾರಿಕೆ ಇಲಾಖೆಯವರ ತರಬೇತಿಗೆ ಹೋದಳು, ಮುಂದಿನ ಸಾಲಿನಲ್ಲಿ ಕೂತಳು, ಕಾಟ್ಲಾ ಮತ್ತು ರೋಹು ಮರಿಗಳನ್ನು ತಂದು ಬಿಟ್ಟಳು.

ಮೀನಿಗೆ ಮೇವು ಹಾಕುವ ಬದಲು ಮೀನಿನ ಮೇವನ್ನು ನೀರಿನಲ್ಲೇ ಬೆಳೆಯಬೇಕು ಎನ್ನುವುದು ಅಲ್ಲಿ ಕಲಿತ ಪಾಠ. ಹಸಿ ಸಗಣಿಯನ್ನು ನೀರಲ್ಲಿ ಕಲಸಿ ಕೊಳಕ್ಕೆ ಬಿಟ್ಟರೆ, ಆ ಗೊಬ್ಬರವನ್ನೂ ಮೇಲಿನ ಬಿಸಿಲನ್ನೂ ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟುತ್ತದೆ. ನೀರು ಹಸಿರಾಗುತ್ತದೆ. ಪಾಚಿಯನ್ನು ಸೂಜಿಮೊನೆಯಂಥ ಹುಳುಗಳು ಮೇಯುತ್ತವೆ, ಮೀನು ಎರಡನ್ನೂ ಮೇಯುತ್ತದೆ.

ಸಗಣಿಗೆ ಪಕ್ಕದಲ್ಲೇ ಸುಭದ್ರಮ್ಮ ಇದ್ದರು. ಎಮ್ಮೆ ಸಾಕಿ ಮನೆಮನೆಗೆ ಹಾಲು ಹಾಕುವವರು, ಮೀನಿನ ವಾಸನೆಗೇ ಮೂಗು ಮುಚ್ಚುವ ಲಿಂಗಾಯತರ ಹೆಂಗಸು. ಬೆಳಿಗ್ಗೆ ಬುಟ್ಟಿ ಇಳಿಸುವಾಗ ದಿನಾ ಒಂದು ಮಾತು ಇರಲೇಬೇಕು.

"ಏ ಹಾಜರಾ, ನಾವು ಮೀನು ಮುಟ್ಟಲ್ಲ ಮಾರಾಯ್ತಿ. ಆದ್ರೆ ನಿನ್ನ ಮೀನಿಗೆ ಅಡುಗೆ ಮಾಡಿ ಹಾಕೋರು ಮಾತ್ರ ನಮ್ಮ ಎಮ್ಮೆಗಳೇ!"

"ಅಡುಗೆಯೋರಿಗೆ ಸಂಬಳ ಕೊಡ್ತಿದ್ದೀನಲ್ಲ ಸುಭದ್ರಕ್ಕ," ಎನ್ನುತ್ತಿದ್ದಳು ಹಾಜರಾ. ಸಂಬಳ ಎಂದರೆ ಬೇಸಿಗೆಯಲ್ಲಿ ಕೊಳದ ತಳದಿಂದ ತೆಗೆದ ಕರಿ ಗೋಡು. ಅದು ಸುಭದ್ರಮ್ಮನ ಸೀಮೆಹುಲ್ಲಿನ ತಾಕಿಗೆ ಹೋಗುತ್ತಿತ್ತು, ಹುಲ್ಲು ಎಮ್ಮೆಗೆ ಹೋಗುತ್ತಿತ್ತು.

ಮಗಳು ಶಿರೀನ್‌ಗೆ ಶಿವಮೊಗ್ಗ ರವೀಂದ್ರನಗರದ ಹುಡುಗ ಆಕಿಬ್ ಜೊತೆ ಮಾತುಕತೆ ಮುಗಿದ ದಿನ, ತುಂಬಿದ ಮನೆಯಲ್ಲಿ ಹಾಜರಾ ಹೇಳಿಬಿಟ್ಟಳು: "ಮದುವೆ ಊಟಕ್ಕೆ ಮೀನು ನನ್ನ ಕೊಳದ್ದು." ಹಿಂದೆ ನಕ್ಕವರೆಲ್ಲ ಅಲ್ಲೇ ಕೂತಿದ್ದರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವಳ ಮರ್ಯಾದೆಯೇ ಆಗಿಹೋಯಿತು.

ದೀಪಾವಳಿ ಕಳೆದ ಮೇಲೆ ಗಂಡಿನ ತಾಯಿ ಕೊಳ ನೋಡಲು ಬರುತ್ತೇನೆಂದು ಹೇಳಿಕಳಿಸಿದರು. ಆಗ ಹಾಜರಾ ಮದುವೆಗೆ ಕರೆಯಲು ಕುಂಸಿಯ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವನು ಗಂಡ ಅಬ್ಬಾಸ್ ಅಲಿ. ಅವನು ಪಂಪ್‌ಸೆಟ್ ರಿಪೇರಿ ಮಾಡುವವನು. ಬಿಚ್ಚಿದ ನಟ್ಟು ಬೋಲ್ಟುಗಳನ್ನೂ ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಇಡುವ ಮನುಷ್ಯ. ಕೊಳದ ಹಸಿರು ನೀರು ಕಂಡರೆ ಅವನಿಗೆ ಮೊದಲಿಂದಲೂ ನಾಚಿಕೆ. ಬೀಗಿತ್ತಿಯ ಮುಂದೆ ಇದನ್ನು ಹೇಗೆ ತೋರಿಸುವುದು? ದೊಡ್ಡ ಡೀಸೆಲ್ ಪಂಪು ಹೊತ್ತು ತಂದ, ಮುಕ್ಕಾಲು ಕೊಳ ಖಾಲಿ ಮಾಡಿ ಸುಭದ್ರಮ್ಮನ ಹುಲ್ಲಿನ ತಾಕಿಗೆ ಬಿಟ್ಟ, ನಾಲೆಯಿಂದ ತಿಳಿನೀರು ತುಂಬಿಸಿದ. ಸಗಣಿ ಬುಟ್ಟಿಯನ್ನೂ ನಿಲ್ಲಿಸಿದ.

ಹಾಜರಾ ಬಸ್ಸಿಳಿದು ಬರುವ ಹೊತ್ತಿಗೆ ಬೀಗಿತ್ತಿ ಆಗಲೇ ದಡದಲ್ಲಿ ನಿಂತಿದ್ದರು.

"ಮಾಷಾ ಅಲ್ಲಾ, ಏನು ನೀರು! ಮೆಕ್ಕಾದ ಝಮ್ ಝಮ್ ನೀರು ಅನ್ನೋ ಹಾಗಿದೆ. ಒಂದೊಂದು ಮೀನೂ ಎಣಿಸಬಹುದು," ಎಂದರು ಅವರು.

ಅಬ್ಬಾಸ್ ಅಲಿ ಎದೆಯುಬ್ಬಿಸಿ ನಿಂತಿದ್ದ. ಹಾಜರಾ ತಳ ಕಾಣುವ ನೀರನ್ನು ಒಮ್ಮೆ ನೋಡಿದಳು. ಬಂದವರ ಮುಂದೆ ನಗುತ್ತ ಚಹಾ ಕೊಟ್ಟು, ಅವರ ಆಟೋ ತಿರುವು ದಾಟುವವರೆಗೆ ಕೈ ಬೀಸಿ, ಆಮೇಲೆ ಗಂಡನ ಕಡೆ ತಿರುಗಿದಳು.

"ಏನ್ರೀ ಮಾಡಿದ್ರಿ ಇದು?"

"ಕ್ಲೀನ್ ಮಾಡಿದೆ. ಎಷ್ಟು ಚೆನ್ನಾಗಿದೆ ನೋಡು!"

"ಕ್ಲೀನ್ ಮಾಡಿದ್ದು ಮೀನಿನ ಅನ್ನದ ತಟ್ಟೇನ! ಊಟಕ್ಕೆ ಕೂತಿರೋರ ಮುಂದಿಂದ ತಟ್ಟೆ ಎತ್ಕೊಂಡು ಹೋಗಿ ತೊಳೆದಿಟ್ಟಿದ್ದೀರಿ!"

ಅಬ್ಬಾಸ್ ಅಲಿ ತಲೆ ಕೆರೆದುಕೊಂಡ. "ಹಾಗಾದ್ರೆ ಅದು ಕೊಳಕಲ್ವಾ?"

ಪ್ರೈಮರಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿರೀನ್‌ಗೆ ನಗು ತಡೆಯಲಾಗಲಿಲ್ಲ. "ಅಬ್ಬಾ, ನಿಮ್ಮ ಪಂಪಿಗೆ ಡೀಸೆಲ್ ಹೇಗೋ ಮೀನಿಗೆ ಬಿಸಿಲು ಹಾಗೆ. ಆದ್ರೆ ಮೀನಿಗೆ ಬಿಸಿಲನ್ನ ನೇರವಾಗಿ ಕುಡಿಯೋಕೆ ಆಗಲ್ಲ. ಪಾಚಿ ಹಿಡಿದು ಕೊಡಬೇಕು."

"ಸರಿ, ಮತ್ತೆ ಸಗಣಿ ಹಾಕಿದ್ರಾಯ್ತು. ಮದುವೆಗೆ ಇನ್ನೂ ಟೈಮಿದೆ."

"ಈಗ ಹಾಕಿದ್ದು ಇವತ್ತೇ ಮೀನಾಗಲ್ಲ ಅಬ್ಬಾ. ಪಾಚಿ ಮೇಯೋ ಹುಳು, ತಿಂದಿದ್ದರಲ್ಲಿ ಹೆಚ್ಚುಪಾಲನ್ನ ಓಡಾಡೋಕೇ ಖರ್ಚು ಮಾಡುತ್ತೆ. ಹುಳು ತಿಂದ ಮೀನೂ ಅಷ್ಟೇ, ಈಜೋಕೆ, ಉಸಿರಾಡೋಕೆ ಖರ್ಚು ಮಾಡಿ ಮಿಕ್ಕಿದ ಚೂರು ಮಾತ್ರ ಮೈಗೆ ಹತ್ತೋದು."

"ಹಂಗಾದ್ರೆ ಅವು ನಿನ್ನ ಮಾಮೂ ಥರ," ಎಂದ ಅಬ್ಬಾಸ್ ಅಲಿ. "ತಿನ್ನೋದು ಗಂಗಾಳದ ತುಂಬ, ಮೈಗೆ ಹತ್ತೋದು ಏನೂ ಇಲ್ಲ."

ತವರಿನವರನ್ನು ಎಳೆದದ್ದಕ್ಕೆ ಹಾಜರಾ ಕಣ್ಣು ಬಿಟ್ಟಳು.

ಮಾರನೆಯ ದಿನದಿಂದ ಸಗಣಿ ಹೊರುವ ಕೆಲಸ ಅಬ್ಬಾಸ್ ಅಲಿಯ ಪಾಲಿಗೆ ಬಂತು. ಇಸ್ತ್ರಿ ಅಂಗಿ ತೊಟ್ಟೇ ಬುಟ್ಟಿ ಹೊರುವ ಅವನನ್ನು ಕಂಡು ಸುಭದ್ರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಕೊಳದ ಹಸಿರು ನೀರು ಕುಡಿದ ಅವರ ಹುಲ್ಲಿನ ತಾಕು ಕೆಲವೇ ವಾರಗಳಲ್ಲಿ ಆಳೆತ್ತರ ಎದ್ದು ಕರಿಹಸಿರಾಗಿ ತೂಗುತ್ತಿತ್ತು.

"ಅಬ್ಬಾಸಣ್ಣ, ನಿಮ್ಮ ಮೀನಿನ ಊಟ ಎಲ್ಲಿಗೆ ಹೋಯ್ತು ಗೊತ್ತಾ? ನೋಡಿ ಅಲ್ಲಿ, ನನ್ನ ಎಮ್ಮೆ ಬಾಯಲ್ಲಿದೆ. ಹಾಲು ಜಾಸ್ತಿ ಆಗಿದೆ, ಸಗಣಿನೂ ಜಾಸ್ತಿ. ಎಷ್ಟು ಬೇಕೋ ಹೊತ್ಕೊಂಡು ಹೋಗಿ, ನಿಮ್ಮದೇ ಅದು."

ಸಗಣಿಗೇನೂ ಬರವಿರಲಿಲ್ಲ. ಬರ ಬಂದದ್ದು ಬಿಸಿಲಿಗೆ. ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತದ ಮೋಡ ಭದ್ರಾವತಿಯ ಮೇಲೆ ಬಂದು ಕವುಚಿ ಕೂತಿತು. ಸಗಣಿ ಕರಗುತ್ತಿತ್ತು, ನೀರು ಮಾತ್ರ ಸಪ್ಪಗೆ ಇತ್ತು. ಹಾಜರಾ ಪ್ರತಿ ಬೆಳಿಗ್ಗೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಣಕೈವರೆಗೆ ಕೈ ಇಳಿಸಿ ನೋಡುತ್ತಿದ್ದಳು. ಅಂಗೈ ಕಾಣದಷ್ಟು ಹಸಿರು ಕಟ್ಟಿದರೆ ಸರಿ. ಆದರೆ ಬಳೆ, ಬೆರಳು, ಉಗುರಿನ ಮೆಹಂದಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆತುರಕ್ಕೆ ಬುಟ್ಟಿಗಟ್ಟಲೆ ಸುರಿಯುವ ಹಾಗೂ ಇರಲಿಲ್ಲ. ಸಗಣಿ ಹೆಚ್ಚಾದರೆ ಅದು ಕೊಳೆಯುತ್ತ ನೀರಿನ ಗಾಳಿಯನ್ನೆಲ್ಲ ಎಳೆದುಕೊಂಡು ಮೀನಿಗೆ ಉಸಿರು ಕಟ್ಟುತ್ತದೆ. ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೋಡ ಹರಿದು ಬಿಸಿಲು ಬಂದ ಮೇಲೆ ನೀರಿಗೆ ನಿಧಾನವಾಗಿ ಬಣ್ಣ ಏರಿತು. ಒಂದು ಬೆಳಿಗ್ಗೆ ಅಂಗೈ ಕಾಣಲಿಲ್ಲ. ಹಾಜರಾ ಅಲ್ಲಿಂದಲೇ ಕೂಗಿದಳು. "ಏನ್ರೀ, ಬನ್ನಿ! ನೀರು ಕೆಟ್ಟಿದೆ, ನೋಡಿ ಎಷ್ಟು ಚೆನ್ನಾಗಿ ಕೆಟ್ಟಿದೆ!"

ಮದುವೆಯ ಹಿಂದಿನ ವಾರ ಬಲೆ ಬೀಸಿ ನೋಡಿದರು. ಮೀನು ಮಿನುಗುತ್ತಿತ್ತು, ಚುರುಕಾಗಿತ್ತು, ಆದರೆ ಅಂಗೈಗಿಂತ ದೊಡ್ಡದು ಒಂದೂ ಇರಲಿಲ್ಲ. ಮದುವೆಯ ಊಟಕ್ಕೆ ಇವನ್ನು ಬಡಿಸಿದರೆ ಮುಳ್ಳು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ.

ಅಬ್ಬಾಸ್ ಅಲಿ ಮೆಲ್ಲಗೆ ಹೇಳಿದ. "ಶಿವಮೊಗ್ಗ ಮಾರ್ಕೆಟ್ಟಲ್ಲಿ ದೊಡ್ಡ ಕಾಟ್ಲಾ ಸಿಗ್ತದೆ. ತಂದುಬಿಡ್ತೀನಿ. ಮೀನಿನ ಮೇಲೆ ಕೊಳದ ಹೆಸರು ಬರೆದಿರುತ್ತಾ?"

ಹಾಜರಾ ಬಲೆಯೊಳಗಿನ ಮೀನನ್ನು ನೋಡಿದಳು. ಕೊಟ್ಟ ಮಾತು ಹೋಗುತ್ತದೆ, ಇಲ್ಲವೇ ಸುಳ್ಳು ಹೇಳಬೇಕಾಗುತ್ತದೆ. ಬಲೆಯನ್ನು ಮತ್ತೆ ನೀರಿಗೆ ಬಿಚ್ಚಿದಳು. ಅದೇ ಮಧ್ಯಾಹ್ನ ರವೀಂದ್ರನಗರಕ್ಕೆ ಹೋಗಿ ಬೀಗಿತ್ತಿಗೆ ನಡೆದದ್ದನ್ನೆಲ್ಲ ಹೇಳಿದಳು, ಗಂಡ ಪಂಪು ಹಚ್ಚಿದ್ದನ್ನೂ ಬಿಡದೆ.

ಬೀಗಿತ್ತಿ ಕಣ್ಣೀರು ಬರುವಂತೆ ನಕ್ಕರು. "ನನಗೋಸ್ಕರ ಮೀನುಗಳಿಗೆ ರೋಜಾ ಉಪವಾಸ ಹಿಡಿಸಿದ್ರಾ! ಮದುವೆಗೆ ಬಿರಿಯಾನಿ ಸಾಕಮ್ಮ."

"ಬಿರಿಯಾನಿ ಇರುತ್ತೆ. ಮೀನು ಜುಮಾಗಿಗೆ ಬಡಿಸ್ತೀನಿ," ಎಂದಳು ಹಾಜರಾ.

ಮದುವೆಯ ನಂತರ ಸಾಲಾಗಿ ಕೆಲವು ಶುಕ್ರವಾರ ಮಗಳು ಅಳಿಯನನ್ನು ತವರಿಗೆ ಕರೆಸಿ ಉಣ್ಣಿಸುವುದೇ ಜುಮಾಗಿ. ಅವಸರದ ಒಂದು ಊಟದ ಬದಲು ಹಾಜರಾಳಿಗೆ ವಾರಗಟ್ಟಲೆ ಬಿಸಿಲು ಸಿಕ್ಕಿತು.

ಮೊದಲ ಶುಕ್ರವಾರ ಬೆರಳುದ್ದದ ಮೀನನ್ನು ಗರಿಗರಿಯಾಗಿ ಕರಿದು ಬಡಿಸಿದಳು. ಆಕಿಬ್ ತಲೆ ಬಾಲ ಸಮೇತ ಅಗಿದು ಮುಗಿಸಿದ. ಮುಂದಿನ ಶುಕ್ರವಾರದ ರೋಹು ಅಂಗೈ ದಾಟಿತ್ತು. ಹಾಜರಾ ಬೇಕೆಂದೇ ಬೇಸಿಗೆಗೆ ಮುಂದೂಡಿದ್ದ ಕೊನೆಯ ಜುಮಾಗಿಗೆ ಬೀಗಿತ್ತಿಯೂ ಬಂದರು, ಹಿಂದೆ ನಕ್ಕಿದ್ದ ಗಂಡನ ಕಡೆಯವರೂ ಬಂದರು. ಹಾಜರಾ ಕೊಳದಿಂದಲೇ ಆರಿಸಿ ತಂದ ಕಾಟ್ಲಾ ತಟ್ಟೆಯ ಅಂಚು ಮೀರಿ ಬಾಲ ಚಾಚಿತ್ತು. ಹುಣಿಸೆ ಸಾರಿನ ಘಮಕ್ಕೆ ಹಿಂದೆ ನಕ್ಕವರೇ ಮೊದಲು ತಟ್ಟೆ ಒಡ್ಡಿದರು.

ಕೈ ನೆಕ್ಕುತ್ತ ಆಕಿಬ್ ಕೇಳಿದ. "ಅಮ್ಮಿ, ಜುಮಾಗಿ ಇಷ್ಟಕ್ಕೇ ಮುಗಿಸಬೇಕು ಅಂತ ರೂಲ್ಸ್ ಇದೆಯಾ? ಆ ಮೀನು ಇನ್ನೂ ಬೆಳೀತಿದೆಯಲ್ಲ?"

"ಬಾ ಬೇಟಾ," ಎಂದಳು ಹಾಜರಾ, ಕಾಟ್ಲಾದ ತಲೆಯನ್ನು ಅವನ ತಟ್ಟೆಗೆ ಹಾಕುತ್ತ. "ಮುಂದಿನ ಶುಕ್ರವಾರ ಬರ್ತಾ ಸುಭದ್ರಕ್ಕನ ಕೊಟ್ಟಿಗೆಯಿಂದ ಒಂದು ಬುಟ್ಟಿ ಹೊತ್ಕೊಂಡು ಬಾ."